ಉಳಿದದ್ದರ ಲೆಕ್ಕ

ಇವತ್ತು ಅಕ್ಕನ ಮಗಳ ಜೊತೆ ಕೂತು ಒಂದು ಲೆಕ್ಕ ಬಿಡಿಸಿದೆ.

ಒಬ್ಬಳು ಪುಸ್ತಕದ ಮೂರರಲ್ಲಿ ಒಂದು ಭಾಗ ಓದುತ್ತಾಳೆ. ಮರುದಿನ ಉಳಿದದ್ದರ ನಾಲ್ಕರಲ್ಲಿ ಒಂದು ಭಾಗ. ಮೂರನೇ ದಿನ, ಮತ್ತೆ ಉಳಿದದ್ದರ ಐದರಲ್ಲಿ ಎರಡು ಭಾಗ. ಇನ್ನೂ 90 ಪುಟ ಬಾಕಿ. ಪುಸ್ತಕದಲ್ಲಿ ಒಟ್ಟು ಎಷ್ಟು ಪುಟ?

ಎಕ್ಸ್ ಅಂತ ಹಿಡಿದು, ಓದಿದ್ದನ್ನೆಲ್ಲ ಕಳೆಯುತ್ತಾ ಹೋದರೆ ಹಾಳೆ ತುಂಬುತ್ತದೆ. ಸುಮ್ನೆ ಉಳಿದದ್ದನ್ನಷ್ಟೇ ನೋಡಿದರೆ? 2/3. ಅದರಲ್ಲಿ 3/4. ಅದರಲ್ಲಿ 3/5. ಗುಣಿಸಿದರೆ 3/10. ಅದೇ ಆ 90 ಪುಟ. ಅಂದ್ರೆ ಒಟ್ಟು 300.

ಆಮೇಲೆ ಅವಳು ಕೇಳಿದಳು, ‘ದಿನಗಳನ್ನು ಅದಲುಬದಲು ಮಾಡಿದರೆ?’

ಮೊದಲ ದಿನವೇ ಐದರಲ್ಲಿ ಎರಡು ಓದಿದರೆ 180 ಉಳಿಯುತ್ತದೆ. ಆಮೇಲೆ 135. ಕೊನೆಗೆ ಮತ್ತೆ 90! ಬರೀ ಗುಣಾಕಾರ ಅಲ್ವಾ, ಯಾವುದು ಮೊದಲು ಬಂದರೂ ಉಳಿಯುವುದು ಅಷ್ಟೇ. ಎಷ್ಟು ಚೆಂದ ಇದು! ಪಾಠ ಮಾಡುವಾಗ ಇದನ್ನೇ ಮೊದಲು ತೋರಿಸಬೇಕು ಅನ್ನಿಸಿತು.

ಆದರೆ ಪ್ರತಿದಿನ ‘ಅದರ ಮೇಲೆ ಇನ್ನೂ 10 ಪುಟ’ ಅಂತ ಸೇರಿಸಿದರೆ ಈ ಅದಲುಬದಲು ನಡೆಯಲ್ಲ. ಆಗ ಕೊನೆಯಿಂದ ಹಿಂದಕ್ಕೆ ಬರುವುದು ಸುಲಭ. ಉಳಿದದ್ದಕ್ಕೆ 10 ಕೂಡಿಸಿ, 3/5ರಿಂದ ಭಾಗಿಸಿ, ಹೀಗೇ ಮೊದಲ ದಿನದ ತನಕ. ನಾಳೆ ಅದನ್ನೇ ಹಿಡಿಯುತ್ತೇವೆ.