ಎರಿ ಭೂಮಿಯಲ್ಲಿ ಮನೆ: ಪಾಯದ ಲೆಕ್ಕ, ಸಾಲದ ಲೆಕ್ಕ

ವಿಜಯಪುರ, ಬಾಗಲಕೋಟೆ ಕಡೆ ಸಾಲ ತೆಗೆದು ಮನೆ ಕಟ್ಟಿಸುವವರ ಕೈ ಎಷ್ಟೋ ಸಲ ಪಾಯದಲ್ಲೇ ಬರಿದಾಗುತ್ತದೆ. ನೆಲ ಎರಿ, ಅಂದರೆ ಕಪ್ಪು ಮಣ್ಣು; ಪಾಯ ಎಷ್ಟು ಆಳ ಹೋಗುತ್ತದೆ ಎಂಬುದು ಅಗೆದಾಗಲೇ ಗೊತ್ತಾಗುವುದು. ಬ್ಯಾಂಕು ಸಾಮಾನ್ಯವಾಗಿ ಕೆಲಸ ಪ್ಲಿಂತ್ ಮಟ್ಟಕ್ಕೆ, ಅಂದರೆ ಮನೆಯ ನೆಲಗಟ್ಟಿನ ಎತ್ತರಕ್ಕೆ, ಬಂದ ಮೇಲೆಯೇ ದೊಡ್ಡ ಕಂತು ಬಿಡುತ್ತದೆ. ಅಲ್ಲಿಯವರೆಗಿನ ಖರ್ಚು ಮನೆಯವರದ್ದೇ. ಗೌಂಡಿ ಆಡುವ ಮಾತು, ಬ್ಯಾಂಕಿನವರು ಆಡುವ ಮಾತು ಎರಡೂ ತಿಳಿದಿದ್ದರೆ ಆ ಖರ್ಚನ್ನು ಮೊದಲೇ ಅಂದಾಜು ಮಾಡಬಹುದು.

ಎರಿಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರುಕು ಬಿಡುತ್ತದೆ. ಅದರ ಮೇಲೆ ಕೂತ ಗೋಡೆ ಕಿಟಕಿಯ ಮೂಲೆಯಿಂದ ಓರೆಯಾಗಿ ಸೀಳುತ್ತದೆ, ಬಾಗಿಲು ಚೌಕಟ್ಟಿಗೆ ಬಿಗಿದುಕೊಳ್ಳುತ್ತದೆ. ಹಾಗಾಗಿ ಎರಿ ಮುಗಿದು ಗಟ್ಟಿ ಗರಸು (ಕಲ್ಲು ಬೆರೆತ ಮೊರಂ ಮಣ್ಣು) ಸಿಗುವ ತನಕ ಅಗೆಯಬೇಕು. ಎಸ್ಟಿಮೇಟ್ ಬರೆಸುವ ಮೊದಲೇ ಪ್ಲಾಟಿನ ಎದುರುಬದುರು ಎರಡು ಮೂಲೆಯಲ್ಲಿ ಜೆಸಿಬಿಯಿಂದ ಗುಂಡಿ ತೆಗೆಸಿ ನೋಡಿ. ನಾಲ್ಕೈದು ಅಡಿಗೆ ಗರಸು ಬಿದ್ದರೆ ಸಾದಾ ಫುಟಿಂಗ್, ಅಂದರೆ ಕಾಲಂ ಕೆಳಗಿನ ಅಗಲ ಕಾಂಕ್ರೀಟ್ ಪಾದ, ನಡೆಯುತ್ತದೆ. ಹತ್ತು ಹನ್ನೆರಡು ಅಡಿಗೂ ಎರಿ ಮುಗಿಯದಿದ್ದರೆ, ತಳದಲ್ಲಿ ಗಡ್ಡೆಯ ಹಾಗೆ ದಪ್ಪವಾಗುವ ಕಾಂಕ್ರೀಟ್ ಕಂಬ, ಅಂದರೆ ಅಂಡರ್ ರೀಮ್ಡ್ ಪೈಲ್, ಬೇಕಾಗಬಹುದು. ಇದನ್ನು ಸ್ಟ್ರಕ್ಚರಲ್ ಎಂಜಿನಿಯರ್ ಹೇಳಬೇಕು, ಪಕ್ಕದ ಮನೆಯ ಪಾಯ ನೋಡಿ ನಿರ್ಧರಿಸಬೇಡಿ.

ಗುಂಡಿಯ ತಳಕ್ಕೆ ಮೊದಲು ಪಿಸಿಸಿ, ಅಂದರೆ ಕಬ್ಬಿಣವಿಲ್ಲದ ಕಾಂಕ್ರೀಟ್ ಹಾಸು, ಸುಮಾರು 4 ಇಂಚು. ಅದರ ಮೇಲೆ ಫುಟಿಂಗಿನ ಕಬ್ಬಿಣದ ಜಾಳಿಗೆ. ಜಾಳಿಗೆಯ ಕೆಳಗೆ ಅದನ್ನು ತಳದಿಂದ ಎತ್ತಿ ಹಿಡಿಯುವ 50 ಮಿ.ಮೀ. ಕವರ್ ಬ್ಲಾಕ್ ಇರಲೇಬೇಕು. ಬದಲಿಗೆ ಖಡಿ ಚೂರು ಇಟ್ಟರೆ ಅದು ಜಾರಿ, ಕಬ್ಬಿಣ ತಳಕ್ಕೆ ತಾಗಿ ತುಕ್ಕು ಹಿಡಿಯುತ್ತದೆ. ಕಾಲಂಗಳನ್ನು ಸುತ್ತಲೂ ಕಟ್ಟಿ ಹಿಡಿಯುವುದು ಪ್ಲಿಂತ್ ಬೀಮ್. ಎರಿ ನೆಲದಲ್ಲಿ ಇದನ್ನು ಬಿಟ್ಟು ಹಣ ಉಳಿಸಲು ಹೋಗಬೇಡಿ.

ತೆಗೆದ ಎರಿಯನ್ನೇ ತಿರುಗಿ ಪ್ಲಿಂತಿನ ಒಳಗೆ ತುಂಬಿಸುವುದು ನಮ್ಮ ಕಡೆಯ ದೊಡ್ಡ ತಪ್ಪು. ಕೆಲವೇ ಮಳೆಗಾಲಗಳಲ್ಲಿ ನೆಲದ ಫರಸಿ ಎದ್ದು ನಿಲ್ಲುತ್ತದೆ. ಗರಸನ್ನೇ ಅರ್ಧ ಅರ್ಧ ಅಡಿಯ ಪದರಾಗಿ ಹಾಕಿ, ನೀರು ಹೊಡೆದು, ಕುಟ್ಟಿಸಬೇಕು. ಲೆಕ್ಕ ಹೀಗೆ: 30×40 ಪ್ಲಾಟಿನಲ್ಲಿ 25×32 ಅಡಿ ಮನೆ, 3 ಅಡಿ ಭರ್ತಿ ಅಂದರೆ 2,400 ಘನ ಅಡಿ. ಬ್ರಾಸ್ ಎಂದರೆ 100 ಘನ ಅಡಿ, ಅಂದರೆ 24 ಬ್ರಾಸ್. ಕುಟ್ಟಿದಾಗ ಇಳಿಯುವುದರಿಂದ 30 ಬ್ರಾಸ್ ಹಿಡಿಯಿರಿ. ಈ ಸಾಲು ಎಷ್ಟೋ ಎಸ್ಟಿಮೇಟುಗಳಲ್ಲಿ ಇರುವುದೇ ಇಲ್ಲ.

ಬ್ರಾಸಿನ ಮೋಸ ಟ್ರಾಲಿಯಲ್ಲಿ. ಒಳಗಿನ ಉದ್ದ 10, ಅಗಲ 6 ಅಡಿ ಇದ್ದು ಮಾಲು ಒಂದೂವರೆ ಅಡಿ ನಿಂತಿದ್ದರೆ 90 ಘನ ಅಡಿ ಮಾತ್ರ; ಅದನ್ನು ಒಂದು ಬ್ರಾಸ್ ಎಂದು ಇಳಿಸಿ ಹೋಗುತ್ತಾರೆ. ಟೇಪ್ ಹಿಡಿದು ಅಳೆಯಿರಿ. ಹಸಿ ಉಸುಕು ಒಣ ಉಸುಕಿಗಿಂತ ಕಾಲು ಭಾಗದಷ್ಟು ಹೆಚ್ಚು ಜಾಗ ಹಿಡಿಯಬಹುದು, ಅದನ್ನೂ ನೆನಪಿಡಿ. ಕಬ್ಬಿಣಕ್ಕೆ ಸೂತ್ರ ಸುಲಭ: ಮಿ.ಮೀ. ವ್ಯಾಸದ ವರ್ಗವನ್ನು 162ರಿಂದ ಭಾಗಿಸಿದರೆ ಮೀಟರಿಗೆ ಎಷ್ಟು ಕೆ.ಜಿ. ಎಂದು ಸಿಗುತ್ತದೆ. 12 ಮಿ.ಮೀ.ನ 12 ಮೀಟರ್ ಸರಳು ಸುಮಾರು 10.7 ಕೆ.ಜಿ. ತೂಗಬೇಕು.

ಈಗ ಬ್ಯಾಂಕು. ಸ್ಯಾಂಕ್ಷನ್ ಆಗಿದೆ ಎಂದರೆ ಇಷ್ಟು ಕೊಡಲು ಒಪ್ಪಿದ್ದಾರೆ ಎಂದಷ್ಟೇ. ಖಾತೆಗೆ ಬರುವುದು ಡಿಸ್ಬರ್ಸ್‌ಮೆಂಟ್. ಅದು ಪ್ಲಿಂತ್, ಲಿಂಟೆಲ್ (ಬಾಗಿಲು ಕಿಟಕಿ ಮೇಲಿನ ತೊಲೆ), ಸ್ಲ್ಯಾಬ್, ಗಿಲಾವ್ (ಪ್ಲಾಸ್ಟರ್) ಹೀಗೆ ಹಂತ ಹಂತವಾಗಿ ಬರುತ್ತದೆ. ನಿಮ್ಮ ಪಾಲಿನ ಹಣ ಮಾರ್ಜಿನ್, ಅದು ಮೊದಲು ಖರ್ಚಾಗಬೇಕು. 30 ಲಕ್ಷದವರೆಗಿನ ಸಾಲಕ್ಕೆ ಬೆಲೆಯ ಶೇ 90ರವರೆಗೆ, 75 ಲಕ್ಷದವರೆಗೆ ಶೇ 80, ಅದಕ್ಕೂ ಮೇಲೆ ಶೇ 75 ಎಂಬುದು ರಿಸರ್ವ್ ಬ್ಯಾಂಕಿನ ಮಿತಿ. ಬ್ಯಾಂಕು ಅದಕ್ಕಿಂತ ಕಡಿಮೆಯನ್ನೂ ಕೊಡಬಹುದು.

25 ಲಕ್ಷದ ಎಸ್ಟಿಮೇಟಿಗೆ 20 ಲಕ್ಷ ಸಾಲ ಎಂದುಕೊಳ್ಳಿ. ನಿಮ್ಮ 5 ಲಕ್ಷದಲ್ಲಿ ಪ್ಲಿಂತ್ ಮುಗಿಯುತ್ತದೆ ಎಂಬ ಲೆಕ್ಕ. ಎರಿ ಆಳವಿದ್ದು ಅದು 7 ಲಕ್ಷಕ್ಕೆ ಹೋದರೆ ಆ 2 ಲಕ್ಷ ಕೈಗಡವಾಗುತ್ತದೆ, ಅದರ ಬಡ್ಡಿ ಬ್ಯಾಂಕಿನ ಬಡ್ಡಿಯಂತಿರುವುದಿಲ್ಲ. ಸ್ಯಾಂಕ್ಷನ್ ಆದ ಮೇಲೆ ಮೊತ್ತ ಏರಿಸುವುದೂ ಕಷ್ಟ. ಅದಕ್ಕೇ ಗುಂಡಿಯ ಆಳ, ಗರಸಿನ ಬ್ರಾಸ್, ಫುಟಿಂಗಿನ ಅಳತೆ ಎಸ್ಟಿಮೇಟಿನಲ್ಲೇ ಬರಬೇಕು. ಕೆಲಸಕ್ಕೆ ಬೆಲೆ ಕಟ್ಟುವ ಬ್ಯಾಂಕಿನ ವ್ಯಾಲ್ಯೂಯರ್ ಬರುವ ಹೊತ್ತಿಗೆ ಪಾಯ ಮುಚ್ಚಿರುತ್ತದೆ. ಟೇಪ್ ಇಟ್ಟು ತೆಗೆದ ಫೋಟೋ, ಜಿಎಸ್‌ಟಿ ಬಿಲ್ಲು ಕೈಯಲ್ಲಿದ್ದರೆ ನೆಲದೊಳಗಿನ ಕೆಲಸವನ್ನು ತೋರಿಸಬಹುದು.

ಕೆಲಸ ನಡೆಯುವಾಗ ಕಟ್ಟುವುದು ಪ್ರೀ ಇಎಂಐ, ಬಿಟ್ಟ ಹಣದ ಮೇಲಿನ ಬಡ್ಡಿ ಮಾತ್ರ. 8 ಲಕ್ಷ ಬಂದಿದ್ದು ಬಡ್ಡಿ ಶೇ 8.5 ಇದ್ದರೆ ತಿಂಗಳಿಗೆ ಸುಮಾರು 5,667 ರೂಪಾಯಿ. ಅಸಲು ಒಂದು ರೂಪಾಯಿಯೂ ಇಳಿಯುವುದಿಲ್ಲ, ಆದ್ದರಿಂದ ಕೆಲಸ ಎಳೆದಷ್ಟೂ ನಷ್ಟ. ಅದೇ ಬಡ್ಡಿಯಲ್ಲಿ 20 ಲಕ್ಷಕ್ಕೆ 20 ವರ್ಷದ ಪೂರ್ತಿ ಇಎಂಐ ಸುಮಾರು 17,356. ಬ್ಯಾಂಕುಗಳ ಹೊಸ ಫ್ಲೋಟಿಂಗ್ (ಬಡ್ಡಿ ಏರಿಳಿಯುವ) ಗೃಹಸಾಲಗಳು 2019ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕಿನ ರೆಪೊದಂಥ ಹೊರಗಿನ ದರಕ್ಕೆ ಜೋಡಣೆಯಾಗಿವೆ. ದರ ಏರಿದಾಗ ಇಎಂಐ ಅಷ್ಟೇ ಇದ್ದು ಅವಧಿ ಬೆಳೆದಿರಬಹುದು, ವರ್ಷಕ್ಕೊಮ್ಮೆ ಸ್ಟೇಟ್‌ಮೆಂಟ್ ತೆಗೆಸಿ ನೋಡಿ. ಮನೆಗಾಗಿ ವ್ಯಕ್ತಿಗಳು ತೆಗೆದ ಫ್ಲೋಟಿಂಗ್ ಸಾಲವನ್ನು ಅವಧಿಗೆ ಮುಂಚೆ ತೀರಿಸಿದರೆ ದಂಡವಿಲ್ಲ. ಊರಿನ ಸೌಹಾರ್ದ ಸೊಸೈಟಿಗಳಿಗೆ ಈ ನಿಯಮಗಳು ಅನ್ವಯಿಸುವುದಿಲ್ಲ. ಅಲ್ಲಿ ಕರಾರು ಓದಿಯೇ ಸಹಿ ಮಾಡಿ.

ಸ್ಲ್ಯಾಬ್ ಬಗ್ಗೆ ಒಂದು ಮಾತು. ಮುಂದಿನ ಕಂತಿನ ಅವಸರಕ್ಕೆ ಸೆಂಟ್ರಿಂಗ್, ಅಂದರೆ ಸ್ಲ್ಯಾಬ್ ಹೊರುವ ಅಚ್ಚು, ಬೇಗ ಬಿಚ್ಚಬೇಡಿ. 4.5 ಮೀಟರ್ ಒಳಗಿನ ಸ್ಲ್ಯಾಬಿಗೆ ಆಧಾರದ ಕಂಬಗಳು ಕನಿಷ್ಠ 7 ದಿನ, ಅದಕ್ಕೂ ಅಗಲವಾದರೆ 14 ದಿನ ನಿಲ್ಲಬೇಕು. ನಮ್ಮ ಬಿಸಿಲಿಗೆ ಪಿಪಿಸಿ (ಹಾರುಬೂದಿ ಬೆರೆತ) ಸಿಮೆಂಟಿನ ಸ್ಲ್ಯಾಬಿಗೆ 14 ದಿನ ನೀರು ಕಟ್ಟಿ.

ಕಾಗದಪತ್ರದಲ್ಲಿ ಬ್ಯಾಂಕು ಮೊದಲು ಕೇಳುವುದು ಪ್ಲಾಟು ಎನ್‌ಎ, ಅಂದರೆ ಕೃಷಿಯೇತರ, ಆಗಿದೆಯೇ ಎಂದು. ಶಹರದೊಳಗಿನ ಹಳೆ ಜಾಗಕ್ಕೆ ಸಿಟಿಎಸ್ ಉತಾರ (ನಗರ ಸರ್ವೆ ದಾಖಲೆಯ ಪ್ರತಿ), ಪಂಚಾಯ್ತಿ ವ್ಯಾಪ್ತಿಯಲ್ಲಿ ಇ-ಸ್ವತ್ತಿನ ನಮೂನೆ 9 ಮತ್ತು 11ಎ ಬೇಕು. ಗುಂಟೆ ಲೆಕ್ಕದಲ್ಲಿ ಹೊಲ ತುಂಡು ಮಾಡಿ ಮಾರಿದ, ಎನ್‌ಎ ಇಲ್ಲದ ಜಾಗಕ್ಕೆ ಗೃಹಸಾಲ ಸಿಗುವುದು ಕಷ್ಟ. ಖರೀದಿ ಪತ್ರವನ್ನು ಬ್ಯಾಂಕಿಗೆ ಒಪ್ಪಿಸಿ ಮಾಡುವ ಎಂಒಡಿ ಎಂಬ ಅಡಮಾನ ಪತ್ರ ನೋಂದಣಿಯಾದರೆ ಅದು ಇಸಿಯಲ್ಲಿ (ಋಣಭಾರ ಪತ್ರದಲ್ಲಿ) ಬೋಜಾ, ಅಂದರೆ ಸಾಲದ ಹೊರೆ, ಆಗಿ ಕಾಣುತ್ತದೆ. ಸಾಲ ತೀರಿದ 30 ದಿನದೊಳಗೆ ಮೂಲ ಕಾಗದಗಳನ್ನು ಬ್ಯಾಂಕು ಹಿಂತಿರುಗಿಸಬೇಕು, ಅದರ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು. ಕಾಗದ ಕೈಗೆ ಬಂದ ಮೇಲೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಬೋಜಾ ಇಳಿಸಿ, ಹೊಸ ಇಸಿ ತೆಗೆದು ನೋಡಿಕೊಳ್ಳಿ.