ರೊಟ್ಟಿ ಬಡಿಯುವ ಓಣಿಗೆ ಒಬ್ಬ ಹೀರೋ ಬೇಕಂತೆ

ಜನವರಿ 9, 2025, ಗುರುವಾರ
ಕೊಪ್ಪಳ

ಇಲ್ಲಿನ ಗವಿಮಠದ ಜಾತ್ರೆ ಹತ್ತಿರ ಬಂತು, ತೇರು 15ಕ್ಕೆ. ಸುತ್ತಲಿನ ಹಳ್ಳಿಗಳಲ್ಲಿ ಈಗ ರೊಟ್ಟಿ ಬಡಿಯುವ ಸಪ್ಪಳವೇ ಸಪ್ಪಳ. ಜೋಳ ಅವರದೇ, ಕಟ್ಟಿಗೆ ಅವರದೇ. ಬಡಿದು, ಸುಟ್ಟು, ಒಣಗಿಸಿದ ಖಡಕ್ ರೊಟ್ಟಿಯನ್ನು ಒಂದೆಡೆ ಸೇರಿಸಿ, ಟ್ರ್ಯಾಕ್ಟರಿಗೋ ಚಕ್ಕಡಿಗೋ ಹೇರಿ, ಮೆರವಣಿಗೆ ಮಾಡಿಕೊಂಡು ಮಠಕ್ಕೆ ಒಯ್ಯುತ್ತಾರೆ. ಮಹಾದಾಸೋಹಕ್ಕೆ ಹೀಗೆ ಬಂದು ಸೇರುವ ರೊಟ್ಟಿ ಲಕ್ಷಗಟ್ಟಲೆ. ಮಾದಲಿ ಎಂಬ ಸಿಹಿ, ದವಸ, ತರಕಾರಿ ಬೇರೆ.

ಇದರ ಮೇಲೆ ನಾವು ಐದು ನಿಮಿಷದ ಸಾಕ್ಷ್ಯಚಿತ್ರ ಮಾಡುತ್ತಿದ್ದೇವೆ. ಖರ್ಚು ಕೊಡುವ ಸಂಸ್ಥೆಯವರು ಬೆಳಿಗ್ಗೆ ಫೋನ್ ಮಾಡಿದ್ದರು. ಒಬ್ಬ ಮುಖ್ಯ ಪಾತ್ರ ಬೇಕಂತೆ. ಬಡ ಅಜ್ಜಿ ಆದರೆ ಇನ್ನೂ ಒಳ್ಳೆಯದಂತೆ. ಕೊನೆಯಲ್ಲಿ ಉಂಡವರು ಯಾರಾದರೂ ಕೈ ಮುಗಿಯಬೇಕಂತೆ!

ಒಬ್ಬ ಅವ್ವನ ಒಲೆ ಮುಂದೆ ಕ್ಯಾಮೆರಾ ಇಟ್ಟೆವು. ಹಿಟ್ಟು ನಾದುತ್ತಲೇ ಅವರು, 'ನಂದಷ್ಟ ಯಾಕ ತೆಗೀತಿ ತಮ್ಮಾ? ಓಣ್ಯಾಗಿನ ಮಂದಿ ಎಲ್ಲಾ ಬಡ್ಯಾಕತ್ತಾರ' ಎಂದರು. ಸರಿ ಅಲ್ವಾ? ರಾಶಿಗೆ ಬಿದ್ದ ಮೇಲೆ ಯಾರ ರೊಟ್ಟಿ ಯಾವುದು ಅಂತ ಯಾರಿಗೆ ಗೊತ್ತು. ಜಾತ್ರೆಗೆ ಹೋದಾಗ ಇದೇ ಅವ್ವ ಪಂಕ್ತಿಯಲ್ಲಿ ಕೂತು ಇನ್ಯಾವುದೋ ಊರಿನವರ ರೊಟ್ಟಿ ಉಣ್ಣುತ್ತಾರೆ. ಕೊಟ್ಟವರು ಈ ಕಡೆ, ಪಡೆದವರು ಆ ಕಡೆ ಅಂತ ತೋರಿಸುವ ಸಿನಿಮಾ ಇಲ್ಲಿ ನಡೆಯುವುದಿಲ್ಲ.

2019ರಲ್ಲಿ ಗವಿಮಠದ ಸ್ವಾಮೀಜಿ ಮುಂದೆ ನಿಂತು ಹಿರೇಹಳ್ಳ ಸ್ವಚ್ಛ ಮಾಡಿಸಿದಾಗಲೂ ಹೀಗೇ. 20 ಕಿಲೋಮೀಟರಿಗಿಂತ ಜಾಸ್ತಿ ಉದ್ದದ ಹಳ್ಳ ಅದು. ಕೆಲವರು ದುಡ್ಡು ಕೊಟ್ಟರು, ಕೆಲವರು ಯಂತ್ರ ತಂದರು, ಉಳಿದವರು ಮೈಮುರಿದು ದುಡಿದರು. ಇದನ್ನೆಲ್ಲ ಒಂದೇ ಮುಖದಲ್ಲಿ ಹೇಗೆ ತೋರಿಸೋದು?

ಹಾಗಂತ ಎಲ್ಲರನ್ನೂ ಸೇರಿಸಿ 'ಊರು' ಅಂದುಬಿಟ್ಟರೂ ತಪ್ಪಾಗುತ್ತದೆ. ರೊಟ್ಟಿ ಬಡಿಯುವವರು ಹೆಂಗಸರು. ಟ್ರ್ಯಾಕ್ಟರ್ ಮುಂದೆ ನಿಂತು ಪೋಸು ಕೊಡುವವರು ಗಂಡಸರು. ಇವತ್ತು ಕೂಲಿ ಬಿಟ್ಟು ಬಂದು ಹಂಚಿನ ಮುಂದೆ ಕೂತವರಿದ್ದರು. ಆ ಒಂದು ದಿನದ ಕೂಲಿಯನ್ನು ಯಾವ ದೇಣಿಗೆ ಪಟ್ಟಿಯಲ್ಲೂ ಯಾರೂ ಬರೆಯುವುದಿಲ್ಲ. ಸಿನಿಮಾದಲ್ಲಾದರೂ ಅದು ಬರಬೇಕು. ಹಿನ್ನೆಲೆ ದನಿ ಇಟ್ಟು ವಿವರಿಸುವುದು ನನಗಿಷ್ಟವಿಲ್ಲ. ಕೂಲಿ ಎಷ್ಟು ಸಿಗುತ್ತಿತ್ತು ಅಂತ ಅವರವರಲ್ಲೇ ಮಾತಾಡಿಕೊಂಡದ್ದು ಮೈಕಿಗೆ ಚೆನ್ನಾಗಿ ಸಿಕ್ಕಿದೆ, ಅದೇ ಸಾಕು. ಹೊಗೆಯಲ್ಲಿ ಮುಖಗಳು ಮಸುಕಾಗಿವೆ. ಆದರೆ ಕೈಗಳು ಸ್ಪಷ್ಟವಾಗಿ ಬಂದಿವೆ, ಸಪ್ಪಳವೂ.

ನಾಳೆ ರೊಟ್ಟಿಯ ಜೊತೆ ಟ್ರ್ಯಾಕ್ಟರಿನಲ್ಲೇ ಮಠಕ್ಕೆ ಹೋಗುವುದು. ಅಲ್ಲಿ ಬೇರೆ ಊರುಗಳ ರಾಶಿಗೆ ಈ ರೊಟ್ಟಿ ಸೇರುವುದನ್ನು ಒಂದೇ ಶಾಟಿನಲ್ಲಿ ತೆಗೆಯುವ ಆಸೆ. ನೂಕುನುಗ್ಗಲಲ್ಲಿ ಎಷ್ಟರಮಟ್ಟಿಗೆ ಆಗುತ್ತದೋ.

ಮುಖ್ಯ ಪಾತ್ರ ಇರುವುದಿಲ್ಲ ಅಂತ ಸಂಸ್ಥೆಗೆ ಮೇಲ್ ಹಾಕಿದ್ದೇನೆ. ಐದು ನಿಮಿಷ ಸಾಲದು, ಏಳು ಕೊಡಿ ಅಂತಲೂ ಕೇಳಿದ್ದೇನೆ. ಒಪ್ಪದಿದ್ದರೆ ಮೆರವಣಿಗೆಯನ್ನು ಕತ್ತರಿಸುತ್ತೇನೆ, ಅಡುಗೆಮನೆಯನ್ನಲ್ಲ.