ಅಪ್ಪನ ಹತ್ತಿರ ಕೂದಲಿನ ಮಾತು

14 ಜುಲೈ 2025, ಸೋಮವಾರ, ರಾತ್ರಿ

ಕೊನೆಗೂ ಚರ್ಮದ ಡಾಕ್ಟರ ಹತ್ತಿರ ಹೋಗಿ ಬಂದೆ. ಹೆಸರೂ ಸಿಕ್ಕಿತು. ಆಂಡ್ರೋಜೆನೆಟಿಕ್ ಅಲೋಪೇಶಿಯಾ. ವಂಶದಲ್ಲಿ ಬರುವ ಗಂಡಸರ ಬೋಳುತಲೆ ಅಂತೀವಲ್ಲ, ಅದೇ. ಇಷ್ಟು ದಿನ ನೀರು ಸರಿ ಇಲ್ಲ, ನಿದ್ದೆ ಸಾಲದು, ಶಾಂಪೂ ಬದಲಿಸು, ಟೆನ್ಷನ್ ಕಡಿಮೆ ಮಾಡ್ಕೋ ಅಂತ ಒಬ್ಬೊಬ್ಬರು ಒಂದೊಂದು ಹೇಳಿದ್ದನ್ನು ಕೇಳಿ ಕೇಳಿ ಸಾಕಾಗಿತ್ತು. ಇವತ್ತು ಒಬ್ಬರು ನನ್ನ ತಲೆಯನ್ನು ನಿಜವಾಗಿ ನೋಡಿದರು. ಕೂದಲು ಬಿಡಿಸಿ, ಬೆಳಕು ಹಿಡಿದು, ಅವಸರ ಇಲ್ಲದೆ. ಅದೇ ಅರ್ಧ ಸಮಾಧಾನ.

ಮೊದಲು ಐವತ್ತು ಅರವತ್ತು ಕೂದಲನ್ನು ಬೆರಳುಗಳ ನಡುವೆ ಹಿಡಿದು ಬುಡದಿಂದ ತುದಿಯವರೆಗೆ ಮೆಲ್ಲಗೆ ಎಳೆದರು. ಎರಡು ಬಂದವು. ಆರಕ್ಕಿಂತ ಜಾಸ್ತಿ ಬಂದರೆ ಬೇರೆ ಕಾರಣ ಹುಡುಕಬೇಕಂತೆ. ಆಮೇಲೆ ಒಂದು ಸಣ್ಣ ಭೂತಗನ್ನಡಿ, ಅದಕ್ಕೇ ಬೆಳಕು ಇರುತ್ತದೆ, ಡರ್ಮೋಸ್ಕೋಪ್ ಅಂತಾರೆ, ಅದನ್ನು ಹಿಂದಲೆಗೆ ಒತ್ತಿ ಹಿಡಿದರು. ಪಕ್ಕದ ಪರದೆಯಲ್ಲಿ ನನ್ನದೇ ತಲೆಯ ಚರ್ಮ. ಒಂದೊಂದು ರಂಧ್ರದಿಂದ ಎರಡು, ಮೂರು ಕೂದಲು ಒಟ್ಟಿಗೆ ಎದ್ದು ನಿಂತಿದ್ದವು, ಎಲ್ಲವೂ ಕಪ್ಪಗೆ, ಎಲ್ಲವೂ ಒಂದೇ ದಪ್ಪ. "ಇದು ನಿಮ್ಮ ಕೂದಲು ಇರಬೇಕಾದ ರೀತಿ" ಅಂದರು. ಆಮೇಲೆ ಕನ್ನಡಿ ನೆತ್ತಿಗೆ ಬಂತು, ಸುಳಿ ಇರುವ ಜಾಗಕ್ಕೆ. ಅಲ್ಲಿ ಒಂದು ದಪ್ಪ, ಅದರ ಪಕ್ಕದಲ್ಲೇ ಒಂದು ಸಣಕಲು, ಅದರಾಚೆ ಎಳೆಗೂಸಿನ ತಲೆಯ ರೋಮದಂಥದ್ದು ಒಂದು, ಬಣ್ಣವೂ ಇಲ್ಲ, ಉದ್ದವೂ ಇಲ್ಲ. ಎಷ್ಟೋ ರಂಧ್ರಗಳಲ್ಲಿ ಒಂದೇ ಒಂದು ಎಳೆ.

"ನೀವು ಉದುರಿದ್ದನ್ನು ಎಣಿಸ್ತಾ ಕೂತಿದ್ದೀರಿ. ಹುಟ್ಟಿ ಬರ್ತಿರೋದು ಹೇಗಿದೆ ಅಂತ ನೋಡಿ" ಅಂದರು ಡಾಕ್ಟರ್.

ಈ ಮಾತು ತಲೆಯಲ್ಲೇ ಕೂತಿದೆ. ದಿಂಬಿನ ಮೇಲೆ ಎಷ್ಟು, ಬಾಚಣಿಗೆಯಲ್ಲಿ ಎಷ್ಟು, ಬಚ್ಚಲ ಜಾಲರಿಯಲ್ಲಿ ಎಷ್ಟು ಅಂತ ಲೆಕ್ಕ ಇಡುವುದೇ ಒಂದು ಕೆಲಸ ಆಗಿತ್ತು. ತಲೆಯಲ್ಲಿ ಸುಮಾರು ಒಂದು ಲಕ್ಷ ಕೂದಲು, ದಿನಕ್ಕೆ 50ರಿಂದ 100 ಎಲ್ಲರಿಗೂ ಉದುರುತ್ತದೆ. ಒಂದು ಕೂದಲು 2ರಿಂದ 6 ವರ್ಷ ಬೆಳೆಯುತ್ತದೆ, ಆಮೇಲೆ ಮೂರು ತಿಂಗಳ ಹತ್ತಿರ ಸುಮ್ನೆ ಇರುತ್ತದೆ, ಬೀಳುತ್ತದೆ, ಅದೇ ಬುಡದಿಂದ ಹೊಸದು ಬರುತ್ತದೆ. ನನ್ನಂಥವರಲ್ಲಿ ಹೊಸದು ಪ್ರತಿ ಸಲವೂ ಸ್ವಲ್ಪ ಸಣ್ಣದಾಗಿ, ಸ್ವಲ್ಪ ಕಡಿಮೆ ಕಾಲಕ್ಕೆ ಬರುತ್ತದೆ. ಹೀಗೆ ಮಾಡುವುದು ಡಿಎಚ್‌ಟಿ ಅನ್ನುವ ಹಾರ್ಮೋನ್. ಟೆಸ್ಟೋಸ್ಟೆರಾನನ್ನು 5-ಆಲ್ಫಾ ರಿಡಕ್ಟೇಸ್ ಅನ್ನುವ ಕಿಣ್ವ ಡಿಎಚ್‌ಟಿ ಆಗಿ ಬದಲಿಸುತ್ತದೆ, ಮುಂದಲೆಯ ಮತ್ತು ನೆತ್ತಿಯ ಬುಡಗಳಿಗೆ ಅದು ಆಗಿಬರುವುದಿಲ್ಲ, ಹಿಂದಲೆಯ ಬುಡಗಳಿಗೆ ಏನೂ ಅನ್ನಿಸುವುದಿಲ್ಲ. ಹಾಗಂತ ನನ್ನಲ್ಲಿ ಹಾರ್ಮೋನ್ ಜಾಸ್ತಿ ಅಂತಲ್ಲ. ಎಲ್ಲರಿಗೂ ಇರುವಷ್ಟೇ. ನನ್ನ ಬುಡಗಳಿಗೆ ಅದರ ಮೇಲೆ ಸೂಕ್ಷ್ಮ ಜಾಸ್ತಿ, ಅಷ್ಟೇ.

ಹ್ಯಾಮಿಲ್ಟನ್ ಅನ್ನುವವರು 1951ರಲ್ಲಿ ಮಾಡಿದ್ದನ್ನು 1975ರಲ್ಲಿ ನಾರ್‌ವುಡ್ ತಿದ್ದಿ ಬರೆದ, ಬೋಳುತಲೆಯ ಏಳು ಹಂತದ ಚಿತ್ರಪಟ ಗೋಡೆಯ ಮೇಲಿತ್ತು. ನನ್ನದು ಮೂರು. ಹಣೆಯ ಎರಡೂ ಮೂಲೆ, ಜೊತೆಗೆ ಸುಳಿ.

ಅಮ್ಮನಿಗೆ ಹೇಳಿದರೆ "ಅಕ್ಕನಿಗೂ ಹೀಗೇ ಕಂತೆ ಕಂತೆ ಉದುರಿತ್ತು, ವಾಪಸ್ ಬಂತಲ್ಲ, ನಿನಗೂ ಬರುತ್ತೆ ಬಿಡು" ಅಂದರು. ಅಕ್ಕನಿಗೆ ಆಗಿದ್ದು ಬಾಣಂತನದ ಹೊತ್ತಿನಲ್ಲಿ. ಹೆರಿಗೆ, ಜೋರು ಜ್ವರ, ಆಪರೇಷನ್, ಊಟ ಬಿಟ್ಟು ತೂಕ ಇಳಿಸುವುದು, ಇಂಥದ್ದಾದ ಎರಡು ಮೂರು ತಿಂಗಳಿಗೆ ತಲೆಯ ತುಂಬ ಒಟ್ಟಿಗೆ ಉದುರುತ್ತದೆ, ಬುಡ ಚೆನ್ನಾಗೇ ಇರುತ್ತದೆ, ಆರು ತಿಂಗಳು ಕಾದರೆ ಸಾಮಾನ್ಯವಾಗಿ ಬರುತ್ತದೆ. ನನ್ನದು ಹಾಗಲ್ಲ. ಅಮ್ಮನಿಗೆ ಇದನ್ನು ಬಿಡಿಸಿ ಹೇಳುವ ಶಕ್ತಿ ಸಂಜೆ ಇರಲಿಲ್ಲ, ಹೂಂ ಅಂದೆ.

ಬರೆಯಬೇಕು ಅಂತ ಕೂತದ್ದು ಇದನ್ನಲ್ಲ. ಅಪ್ಪನ ಜೊತೆ ಆದ ಮಾತನ್ನು.

ಮನೆಯಲ್ಲಿ ಯಾರಿಗೆ ಎಷ್ಟು ವಯಸ್ಸಿಗೆ ಶುರುವಾಯಿತು, ಕೇಳಿಕೊಂಡು ಬನ್ನಿ ಅಂತ ಡಾಕ್ಟರ್ ಹೇಳಿದ್ದರು. ಅಪ್ಪನ ತಲೆಯಲ್ಲಿ ಕೂದಲು ಇದ್ದದ್ದನ್ನು ನಾನು ನೋಡೇ ಇಲ್ಲ. ನನಗೆ ಬುದ್ಧಿ ತಿಳಿಯುವ ಹೊತ್ತಿಗೆ ಕಿವಿಯ ಮೇಲೊಂದು ಪಟ್ಟಿ ಬಿಟ್ಟರೆ ಉಳಿದದ್ದೆಲ್ಲ ಬಯಲು. ಅದು ಹಾಗೇ ಇರುವುದು ಅಂತ ಅಂದುಕೊಂಡಿದ್ದೆ, ಅಪ್ಪನ ಮೂಗು ಹೇಗೋ ಹಾಗೆ. ಇದಕ್ಕೊಂದು ಶುರು ಇತ್ತು, ಆಗ ಅವರಿಗೂ ನನ್ನ ವಯಸ್ಸೇ ಇತ್ತು ಅಂತ ಯೋಚನೆಯೇ ಬಂದಿರಲಿಲ್ಲ.

ಫೋನ್ ಮಾಡಿ, ಅದೂ ಇದೂ ಮಾತಾಡಿ, ಕೇಳಿಯೇ ಬಿಟ್ಟೆ. "ಅಪ್ಪಾ, ನಿಮಗೆ ಕೂದಲು ಹೋಗೋಕೆ ಶುರುವಾಗಿದ್ದು ಯಾವಾಗ?"

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಇಪ್ಪತ್ತಮೂರು. ಇಪ್ಪತ್ತೈದಕ್ಕೆ ಮುಂದೆ ಏನೂ ಉಳಿದಿರಲಿಲ್ಲ." ಯೋಚಿಸಿ ಹೇಳಿದ ಉತ್ತರ ಅಲ್ಲ ಅದು. ಇಷ್ಟು ವರ್ಷ ಕಳೆದರೂ ನಾಲಿಗೆಯ ತುದಿಯಲ್ಲೇ ಇತ್ತು.

"ನೀನು ಹೋದ ಸಲ ಬಂದಾಗಲೇ ನೋಡಿದ್ದೆ ಕಣೋ. ನೀನಾಗೇ ಹೇಳ್ತೀಯ ಅಂತ ಸುಮ್ಮನಿದ್ದೆ."

ಗಂಟಲು ಕಟ್ಟಿತು. ಹೋದ ಸಲ ಊಟಕ್ಕೆ ಕೂತಾಗ ಬಲ್ಬಿನ ಕೆಳಗಿನ ಜಾಗ ಬಿಟ್ಟು ಗೋಡೆ ಪಕ್ಕ ಕೂತಿದ್ದೆ. ಯಾರಿಗೂ ಗೊತ್ತಾಗಿಲ್ಲ ಅಂದುಕೊಂಡಿದ್ದೆ. ಮನೆಯಲ್ಲಿ ಅದನ್ನು ಗುರುತಿಸುವವರು ಯಾರಾದರೂ ಇದ್ದರೆ ಅದು ಅಪ್ಪನೇ ಅಲ್ವಾ.

ಆಮೇಲೆ ಅವರೇ ಮಾತಾಡಿದರು. ಅಷ್ಟು ಉದ್ದಕ್ಕೆ ಮಾತಾಡುವ ಮನುಷ್ಯ ಅಲ್ಲ. ಒಂದು ಕಡೆಯದ್ದನ್ನು ಉದ್ದ ಬಿಟ್ಟು ಇನ್ನೊಂದು ಕಡೆಗೆ ಬಾಚುತ್ತಿದ್ದರಂತೆ, ಗಾಳಿ ಬಂದರೆ ಕೈ ತಾನಾಗೇ ತಲೆಗೆ ಹೋಗುತ್ತಿತ್ತಂತೆ. ನಮ್ಮ ಹಳೆಯ ಫೋಟೋಗಳಲ್ಲಿ ಅಪ್ಪ ಇರುವುದೇ ಇಲ್ಲ, ಅಕ್ಕನೂ ನಾನೂ ಎಷ್ಟೋ ಸಲ ಅದನ್ನು ಆಡಿಕೊಂಡಿದ್ದೇವೆ, ಅಪ್ಪನಿಗೆ ಫೋಟೋ ತೆಗೆಯೋ ಹುಚ್ಚು ಅಂತ. "ಹುಚ್ಚೂ ಇಲ್ಲ ಏನೂ ಇಲ್ಲ. ಕ್ಯಾಮೆರಾ ನನ್ನ ಕೈಲಿದ್ದರೆ ಫೋಟೋದಲ್ಲಿ ನಿಲ್ಲೋ ಹಾಗಿಲ್ಲವಲ್ಲ. ನಾನೇ ತೆಗೀತೀನಿ ಕೊಡಿ ಅಂತ ಇಸ್ಕೊಳ್ತಿದ್ದೆ."

ಇದನ್ನು ಅಮ್ಮನಿಗೆ ಹೇಳಿದ್ದೀರಾ ಅಂತ ಕೇಳಿದೆ. "ಅವಳಿಗೆ ಯಾಕೆ?" ಅಂದರು.

ಅದರ ಹಿಂದೆಯೇ, ತುಂಬ ಸಣ್ಣ ದನಿಯಲ್ಲಿ, "ನನ್ನಿಂದಲೇ ಬಂತು ನಿನಗೆ, ಅಲ್ವಾ?"

ಇಲ್ಲ ಅಪ್ಪಾ ಅಂದೆ. ಸಮಾಧಾನಕ್ಕೆ ಹೇಳಿದ್ದಲ್ಲ. ಇದಕ್ಕೆ ಒಂದೇ ಜೀನ್ ಅಂತಿಲ್ಲ, ನೂರಾರು ಜಾಗಗಳು ಸೇರಿ ಆಗುವುದು. ಅದರಲ್ಲಿ ಜಾಸ್ತಿ ತೂಕ ಇರುವ ಒಂದು, ಗಂಡು ಹಾರ್ಮೋನನ್ನು ಹಿಡಿದುಕೊಳ್ಳುವ ಆಂಡ್ರೋಜನ್ ರಿಸೆಪ್ಟರ್‌ನದ್ದು, ಎಕ್ಸ್ ಕ್ರೋಮೋಸೋಮಿನಲ್ಲಿದೆ, ಗಂಡುಮಕ್ಕಳಿಗೆ ಅದು ತಾಯಿಯಿಂದಲೇ ಬರುವುದು. ಹಾಗಂತ ಅಮ್ಮನ ಕಡೆಯದ್ದೇ ಪೂರ್ತಿ ಅಂತಲೂ ಅಲ್ಲ, ಅಪ್ಪನ ಕಡೆಯ ಪಾಲೂ ಇದ್ದೇ ಇರುತ್ತದೆ. ದೊಡ್ಡಪ್ಪನನ್ನೇ ನೋಡಿ ಅಂದೆ. ಅದೇ ಅಪ್ಪ ಅಮ್ಮನ ಮಗ, ಎಪ್ಪತ್ತು ದಾಟಿದರೂ ತಲೆ ತುಂಬ ಇದೆ. "ಹೌದಲ್ವಾ ಅಣ್ಣನಿಗೆ" ಅಂದರು, ಆ ಮಾತಿನಲ್ಲಿ ಈಗಲೂ ಒಂಚೂರು ಹೊಟ್ಟೆಕಿಚ್ಚು ಇತ್ತು, ನಂಗೆ ಖುಷಿಯಾಯಿತು ಅದನ್ನು ಕೇಳಿ, ಯಾಕೆ ಅಂತ ಗೊತ್ತಿಲ್ಲ.

ಏನು ಔಷಧಿ ಬರೆದಿದ್ದಾರೆ ಅಂತ ಕೇಳಿದರು. ಹೆಸರು ಓದಿದೆ. ಹಚ್ಚಲು ಮಿನಾಕ್ಸಿಡಿಲ್ 5 ಪರ್ಸೆಂಟ್, ನುಂಗಲು ಫಿನಾಸ್ಟೆರೈಡ್ 1 ಮಿಲಿಗ್ರಾಂ.

"ಇರು" ಅಂದರು. ಫೋನ್ ಇಟ್ಟು ಎಲ್ಲಿಗೋ ಹೋದರು, ಡ್ರಾಯರ್ ಎಳೆದ ಸದ್ದು ಕೇಳಿಸಿತು. ವಾಪಸ್ ಬಂದು ಒಂದೊಂದೇ ಅಕ್ಷರ ಕೂಡಿಸಿ ಓದಿದರು. ಫಿ ನಾ ಸ್ಟೆ ರೈಡ್. ಐದು ಮಿಲಿಗ್ರಾಂ. ಪ್ರಾಸ್ಟೇಟ್ ಗ್ರಂಥಿ ದೊಡ್ಡದಾಗಿದೆ ಅಂತ ಅವರು ದಿನಾ ನುಂಗುತ್ತಿರುವುದು ಅದನ್ನೇ!

ಅದು ಹುಟ್ಟಿದ್ದೇ ಪ್ರಾಸ್ಟೇಟಿಗೆ. ಅಮೆರಿಕದಲ್ಲಿ 5 ಮಿಲಿಗ್ರಾಂಗೆ 1992ರಲ್ಲಿ ಒಪ್ಪಿಗೆ ಸಿಕ್ಕಿತು, ಕೂದಲಿಗೆ 1 ಮಿಲಿಗ್ರಾಂಗೆ 1997ರಲ್ಲಿ. ಅದರ ಹಿಂದಿನ ಕತೆ ಇನ್ನೂ ದೊಡ್ಡದು. ಡೊಮಿನಿಕನ್ ರಿಪಬ್ಲಿಕ್‌ನ ಹಳ್ಳಿಯೊಂದರಲ್ಲಿ ಹುಟ್ಟಿದಾಗ ಹೆಣ್ಣುಮಕ್ಕಳ ಹಾಗೆ ಕಾಣುತ್ತಿದ್ದ ಕೆಲವು ಮಕ್ಕಳು ಪ್ರಾಯಕ್ಕೆ ಬಂದಾಗ ಗಂಡಾಗಿ ಬೆಳೆಯುತ್ತಿದ್ದರು. ಅವರಲ್ಲಿ ಡಿಎಚ್‌ಟಿ ಮಾಡುವ ಆ ಕಿಣ್ವದ ಕೊರತೆ ಇದೆ ಅಂತ ಜೂಲಿಯಾನ್ ಇಂಪೆರಾಟೊ-ಮೆಕ್‌ಗಿನ್ಲಿ ಮತ್ತು ಜೊತೆಯವರು 1974ರಲ್ಲಿ ಬರೆದರು. ಆ ಮಕ್ಕಳು ದೊಡ್ಡವರಾದರೂ ಪ್ರಾಸ್ಟೇಟ್ ಚಿಕ್ಕದಾಗೇ ಉಳಿಯುತ್ತಿತ್ತು, ತಲೆಯೂ ಬೋಳಾಗುತ್ತಿರಲಿಲ್ಲ. ಆ ಕಿಣ್ವವನ್ನೇ ತಡೆಯುವ ಮಾತ್ರೆ ಮಾಡಿದರೆ ಅಂತ ಹೊಳೆದದ್ದು ಅಲ್ಲಿಂದ. ಈಗ ಒಂದೇ ಕಿಣ್ವ, ಒಂದೇ ಮಾತ್ರೆ, ಅಪ್ಪನಿಗೆ ಅಲ್ಲಿ, ನನಗೆ ಇಲ್ಲಿ.

"ನನ್ನದನ್ನೇ ಮುರಿದು ಕೊಡಲಾ?" ಅಂದರು. ಬೇಡ ಅಂದೆ, ಡಾಕ್ಟರ್ ಬರೆದದ್ದನ್ನೇ ತಗೋತೀನಿ. ಅಮ್ಮ ಹೇಗೂ ಮುಟ್ಟಿದರೆ ತೊಂದರೆ ಇಲ್ಲ, ಆದರೆ ಬಸುರಿಯರು ಪುಡಿಯಾದ ಮಾತ್ರೆಯನ್ನು ಮುಟ್ಟಬಾರದು, ಹೊಟ್ಟೆಯಲ್ಲಿರುವ ಗಂಡುಮಗುವಿಗೆ ತೊಂದರೆ. ಅಕ್ಕ ಮನೆಗೆ ಬಂದು ಹೋಗಿ ಮಾಡುತ್ತಾಳೆ, ಇದು ನೆನಪಿರಲಿ ಅಂದೆ. ಇನ್ನೊಂದು, ಪ್ರಾಸ್ಟೇಟಿಗೆ ಮಾಡುವ ಪಿಎಸ್‌ಎ ರಕ್ತಪರೀಕ್ಷೆ ಮಾಡಿಸುವಾಗ ಈ ಮಾತ್ರೆ ನುಂಗ್ತಿದ್ದೀನಿ ಅಂತ ಹೇಳಲೇಬೇಕು, ಇದು ಆ ಅಂಕಿಯನ್ನು ಹತ್ತಿರ ಹತ್ತಿರ ಅರ್ಧಕ್ಕೆ ಇಳಿಸುತ್ತದೆ. ಅದು ಅವರಿಗೆ ಮೊದಲೇ ಗೊತ್ತಿತ್ತು.

ಮಾತ್ರೆ ಇನ್ನೂ ಶುರು ಮಾಡಿಲ್ಲ. ಮೇಜಿನ ಮೇಲಿದೆ.

ಡಾಕ್ಟರ್ ಮುಚ್ಚುಮರೆ ಇಲ್ಲದೆ ಹೇಳಿದರು, ಅದಕ್ಕೇ ಅವರ ಮೇಲೆ ನಂಬಿಕೆ ಬಂತು. ಕೆಲವರಿಗೆ ಕಾಮದ ಆಸಕ್ತಿ ಕಡಿಮೆಯಾಗುತ್ತದೆ, ನಿಮಿರುವುದು ಕಷ್ಟ ಆಗಬಹುದು. ಮೊದಮೊದಲ ಪರೀಕ್ಷೆಗಳಲ್ಲಿ ಇಂಥದ್ದಾದವರು ನೂರಕ್ಕೆ ಸುಮಾರು 4, ಔಷಧಿಯೇ ಇಲ್ಲದ ಮಾತ್ರೆ ನುಂಗಿದವರಲ್ಲೂ ಸುಮಾರು 2. ಹೆಚ್ಚಿನವರಿಗೆ ನಿಲ್ಲಿಸಿದರೆ ಸರಿಹೋಗುತ್ತದೆ, ನಿಲ್ಲಿಸಿದ ಮೇಲೂ ಉಳಿಯಿತು ಅಂತ ಹೇಳುವವರೂ ಇದ್ದಾರೆ. ಮನಸ್ಸು ಕುಗ್ಗುವುದೂ ಉಂಟು, ಸಾಯುವ ಯೋಚನೆ ಬರುವುದು ಕೂಡ ಈ ಮಾತ್ರೆಯಿಂದ ಆಗಬಹುದು ಅಂತ ಯುರೋಪಿನ ಔಷಧ ಸಂಸ್ಥೆ ಈ ವರ್ಷ ಮೇ ತಿಂಗಳಲ್ಲಿ ಖಚಿತವಾಗಿ ಹೇಳಿದೆ. "ಮನಸ್ಸು ಸರಿ ಇಲ್ಲ ಅನಿಸಿದ ದಿನವೇ ನಿಲ್ಲಿಸಿ, ನನಗೆ ಫೋನ್ ಮಾಡಿ" ಅಂದರು. ಹಿಂದೆ ಖಿನ್ನತೆ ಇತ್ತಾ ಅಂತಲೂ ಕೇಳಿದರು. ಇಲ್ಲ ಅಂದೆ. ಮನೆಗೆ ಬರುವ ದಾರಿಯಲ್ಲಿ, ಈ ಒಂದು ವರ್ಷ ಕನ್ನಡಿ ನೋಡಿ ನೋಡಿ ಕೂತಿದ್ದಕ್ಕೆ ಏನು ಹೆಸರು ಅಂತ ಯೋಚನೆ ಆಯಿತು. ಮುಂದಿನ ಸಲ ಹೋದಾಗ ಅದನ್ನೂ ಹೇಳಬೇಕು.

ಮಿನಾಕ್ಸಿಡಿಲ್ ಮಾತ್ರ ಇವತ್ತೇ ಹಚ್ಚಿದೆ. ಒಣ ತಲೆಗೆ, ಒಂದು ಮಿಲಿ, ಬೆಳಿಗ್ಗೆ ರಾತ್ರಿ. ಅದು ಮೊದಲು ರಕ್ತದ ಒತ್ತಡದ ಮಾತ್ರೆ ಆಗಿತ್ತು, ನುಂಗಿದವರಿಗೆ ಮುಖದ ಮೇಲೆ, ಕೈ ಮೇಲೆಲ್ಲ ಕೂದಲು ಬಂದದ್ದನ್ನು ನೋಡಿ ತಲೆಗೆ ಹಚ್ಚುವ ಔಷಧಿ ಮಾಡಿದರು, 1988ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಮೊದಲ ಕೆಲವು ವಾರ ಉದುರುವುದು ಜಾಸ್ತಿಯೇ ಆಗಬಹುದಂತೆ, ಹೆದರಿ ಬಿಡಬಾರದು. ಗೊತ್ತಾಗಲು ನಾಲ್ಕರಿಂದ ಆರು ತಿಂಗಳು ಬೇಕು. ನಿಲ್ಲಿಸಿದರೆ ಕೆಲವೇ ತಿಂಗಳಲ್ಲಿ ಬಂದದ್ದೆಲ್ಲ ವಾಪಸ್ ಹೋಗುತ್ತದೆ. ಇರುವುದನ್ನು ಉಳಿಸಿಕೊಳ್ಳುವುದು ಮೊದಲು, ಹೊಸದು ಬಂದರೆ ಅದು ಮೇಲಿನ ಲಾಭ ಅಂದರು. ಹದಿನೈದು ದಿನದಲ್ಲಿ ಕೂದಲು ತರಿಸ್ತೀವಿ ಅನ್ನುವ ಎಣ್ಣೆ ಜಾಹೀರಾತುಗಳ ಮೇಲೆ ನಿಜವಾಗಿ ಸಿಟ್ಟು ಬರುತ್ತಿದೆ. ಕೂದಲು ಬೆಳೆಯುವುದೇ ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್. ಹದಿನೈದು ದಿನಕ್ಕೆ ಏನು ತರಿಸ್ತಾರೆ? ಹೆದರಿದ ಹುಡುಗರ ದುಡ್ಡು ಅದು.

ಪ್ರತಿ ತಿಂಗಳು ಒಂದೇ ಬೆಳಕಿನಲ್ಲಿ, ಒಂದೇ ಕೋನದಲ್ಲಿ ಫೋಟೋ ತೆಗೆದಿಡಿ ಅಂದಿದ್ದಾರೆ. ಕಣ್ಣು ಮೋಸ ಮಾಡುತ್ತದೆ, ಫೋಟೋ ಮಾಡುವುದಿಲ್ಲ.

ಈಗ ತಮ್ಮನ ಯೋಚನೆ ಬರುತ್ತಿದೆ. ಅವನಿಗೆ ಹತ್ತೊಂಬತ್ತು. ಇತ್ತೀಚೆಗೆ ಮನೆಯೊಳಗೂ ಟೋಪಿ ಹಾಕಿಕೊಂಡೇ ಇರುತ್ತಾನೆ, ಸ್ಟೈಲ್ ಅಂತ ನಾವೆಲ್ಲ ಬಿಟ್ಟಿದ್ದೇವೆ. ಸ್ಟೈಲೇ ಇರಬಹುದು. ಬೇಗ ನೋಡಿಸಿದಷ್ಟೂ ಉಳಿಸಿಕೊಳ್ಳುವುದು ಜಾಸ್ತಿ, ಅದು ಈಗ ನನಗೆ ಗೊತ್ತು. ಆದರೆ ಅವನ ತಲೆಯಲ್ಲಿ ಇಲ್ಲದ ಹುಳ ನಾನು ಬಿಡುವುದಾ? ಅವನಾಗಿ ಹೇಳಲಿ ಅಂತ ಕಾಯುವುದಾ, ಅಪ್ಪ ಕಾದ ಹಾಗೆ? ಭಾನುವಾರ ಬರುತ್ತೀನಿ ಅಂದಿದ್ದಾನೆ. ನೆತ್ತಿಯ ಫೋಟೋ ಒಬ್ಬನೇ ಸರಿಯಾಗಿ ತೆಗೆದುಕೊಳ್ಳೋಕೆ ಆಗಲ್ಲ ಹೇಗೂ, ಅವನ ಕೈಗೇ ಫೋನ್ ಕೊಟ್ಟು, ಸ್ವಲ್ಪ ಸುಳಿ ಹತ್ತಿರ ತೆಗಿಯೋ ಅಂದರೆ, ಯಾಕಣ್ಣ ಅಂತ ಅವನು ಕೇಳೇ ಕೇಳ್ತಾನೆ, ಆಗ ನನ್ನದನ್ನು ಹೇಳಿ, ಅಪ್ಪನದ್ದನ್ನೂ ಹೇಳಬಹುದಾ ಅಂತ ಮೊದಲು ಅಪ್ಪನನ್ನೇ ಒಂದು ಮಾತು ಕೇಳಬೇಕು.